ಮೂಲೆ ಸೇರಿದ ಪಾಟ್, ಊರು ತುಂಬಿದ ಪಾಟ್

ಹೋದ ತಿಂಗಳ ಒಂದು ರಾತ್ರಿ. ಇಶಾ ನಮಾಝ್ ಮುಗಿದು ಜನ ಚಪ್ಪಲಿ ಹುಡುಕುತ್ತಿದ್ದರು. ಚನ್ನರಾಯಪಟ್ಟಣದ ನಮ್ಮವರೊಬ್ಬರು, ತೆಂಗಿನಕಾಯಿ ವ್ಯಾಪಾರದವರು, ನನ್ನ ಕೈ ಹಿಡಿದು ಬದಿಗೆ ಕರೆದುಕೊಂಡು ಹೋದರು. "ಉಸ್ತಾದೇ, ನನ್ನ ಮಗನಿಗೆ ನೀವೊಂದು ಮಾತು ಹೇಳಬೇಕು. ಪಿಯುಸಿ ಓದೋದು ಬಿಟ್ಟು ಮೊಬೈಲ್ ಹಿಡ್ಕೊಂಡು ಪಾಟ್ ಕಟ್ತಾ ಕೂತಿದ್ದಾನೆ. ಅದೂ ಸರಿಯಾದ ಪಾಟ್ ಆದ್ರೆ ಪರವಾಗಿಲ್ಲ. ಅರ್ಧ ಬ್ಯಾರಿ, ಅರ್ಧ ಕನ್ನಡ, ನಮ್ಮ ಮಂಗಳೂರು ಕಡೆ ನೆಂಟರೆಲ್ಲ ನಗ್ತಾರೆ" ಅಂದರು.

ಮಾರನೇ ದಿನ ಹುಡುಗನನ್ನು ಕರೆಸಿದೆ. ಹೆದರಿಕೊಂಡೇ ಬಂದ. ಹಾಡು ತೋರಿಸು ಮೋನೆ ಅಂದೆ. ವಾದ್ಯ ಇಲ್ಲ, ಸ್ಟುಡಿಯೋ ಇಲ್ಲ. ಸ್ಟೀಲ್ ಟಿಫಿನ್ ಡಬ್ಬಿಯ ಮುಚ್ಚಳದ ಮೇಲೆ ಬೆರಳ ಗೆಣ್ಣಿನಿಂದ ತಾಳ ಹಾಕಿಕೊಂಡು ಹಾಡಿದ್ದಾನೆ. ಬೆಳಗಿನ ಜಾವ ನಾಲ್ಕಕ್ಕೆ ಕಾಯಿ ಲೋಡ್ ತುಂಬಿಕೊಂಡು ಹೊರಡುವ ಲಾರಿ, ಉಮ್ಮ ಬಟ್ಟೆಯಲ್ಲಿ ಕಟ್ಟಿಕೊಡುವ ರೊಟ್ಟಿ, ಮಳೆಗಾಲದಲ್ಲಿ ಶಿರಾಡಿ ಘಾಟಿ ಕುಸಿದು ರಸ್ತೆ ಬಂದ್ ಆದರೆ ಮನೆಯಲ್ಲಿ ಯಾರಿಗೂ ನಿದ್ದೆ ಬಾರದಿರುವುದು. ಇಷ್ಟೇ ಹಾಡು. ಇನ್ನೂರು ಜನ ಕೂಡ ನೋಡಿರಲಿಲ್ಲ. ಕೆಳಗೆ ಯಾರೋ ಬರೆದಿದ್ದರು, ಇದು ಯಾವ ಊರಿನ ಬ್ಯಾರಿ ಅಂತ.

ಬುದ್ಧಿ ಹೇಳಬೇಕಾಗಿದ್ದವನು ನಾನು. ಆದರೆ ಆ ಹೊತ್ತಿಗೆ ನನ್ನ ಬಾಯಿಂದ ಬುದ್ಧಿಮಾತು ಬರಲಿಲ್ಲ. ಯಾಕೆ ಬರಲಿಲ್ಲ ಅನ್ನುವುದನ್ನೇ ಈ ವಾರ ಬರೆಯುತ್ತಿದ್ದೇನೆ. ಇದು ಒಬ್ಬ ಹುಡುಗನ ವಿಷಯ ಮಾತ್ರ ಅಲ್ಲ. ಘಾಟಿ ಮೇಲಿನ ನಮ್ಮ ಹಲವು ಮನೆಗಳಲ್ಲಿ ಈಗ ಒಬ್ಬೊಬ್ಬ ಇಂಥ ಹುಡುಗ ಅಥವಾ ಹುಡುಗಿ ಇದ್ದಾರೆ.

ಹಾಸನದಿಂದ ಲಂಡನ್‌ಗೆ

2025ರ ಮೇ 20ರಂದು ಲಂಡನ್‌ನಲ್ಲಿ ನಮ್ಮ ಹಾಸನದ ಬಾನು ಮುಷ್ತಾಕ್ ಅವರಿಗೆ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂತು. 'ಹಾರ್ಟ್ ಲ್ಯಾಂಪ್' ಎಂಬ ಆ ಪುಸ್ತಕದಲ್ಲಿರುವುದು 12 ಕತೆಗಳು. ಕನ್ನಡಕ್ಕೆ ಆ ಪ್ರಶಸ್ತಿ ಬಂದದ್ದು ಅದೇ ಮೊದಲು, ಸಣ್ಣಕತೆಗಳ ಸಂಕಲನವೊಂದಕ್ಕೆ ಬಂದದ್ದೂ ಅದೇ ಮೊದಲು. ಪೇಪರಿನಲ್ಲಿ ಫೋಟೋ ಬಂದಾಗ ನಾವೆಲ್ಲ ಹಂಚಿಕೊಂಡೆವು, ಸ್ಟೇಟಸ್ ಹಾಕಿದೆವು, ನಮ್ಮ ಹಾಸನ ಅಂತ ಎದೆ ತಟ್ಟಿಕೊಂಡೆವು. ತಪ್ಪೇನಿಲ್ಲ. ಆದರೆ ಒಂದು ಲೆಕ್ಕ ಗಮನಿಸಿ. ಆ ಕತೆಗಳನ್ನು ಅವರು ಬರೆದದ್ದು 1990ರಿಂದ 2023ರವರೆಗೆ. ಮೂವತ್ತು ವರ್ಷಕ್ಕೂ ಮಿಕ್ಕಿ ಆ ಕತೆಗಳು ಇಲ್ಲೇ ಕನ್ನಡದಲ್ಲೇ ಇದ್ದವು. ನಮ್ಮಲ್ಲಿ ಎಷ್ಟು ಮನೆಗಳಲ್ಲಿ ಅವು ಇದ್ದವು? ನನ್ನ ಮನೆಯಲ್ಲಿ ಇರಲಿಲ್ಲ. ಒಪ್ಪಿಕೊಳ್ಳುತ್ತೇನೆ.

ಇನ್ನೂ ಒಂದು ಮಾತು ಇದೆ, ಕಷ್ಟವಾದರೂ ಹೇಳಬೇಕು. 2000ನೇ ಇಸವಿಯ ಸುಮಾರಿಗೆ, ಹೆಣ್ಣುಮಕ್ಕಳು ಮಸೀದಿಗೆ ಬರುವ ವಿಚಾರದಲ್ಲಿ ಆಡಿದ ಮಾತಿಗಾಗಿ ಅವರ ಕುಟುಂಬ ಬಹಿಷ್ಕಾರ ಅನುಭವಿಸಿತು, ಬೆದರಿಕೆ ಎದುರಿಸಿತು. ಅವರ ಎಲ್ಲ ಅಭಿಪ್ರಾಯಕ್ಕೂ ಎಲ್ಲರೂ ತಲೆದೂಗಬೇಕು ಅಂತ ನಾನು ಹೇಳುತ್ತಿಲ್ಲ. ಒಪ್ಪದಿದ್ದರೆ ಉತ್ತರ ಬರೆಯಬಹುದಿತ್ತು. ಬಾಗಿಲು ಹಾಕುವುದು ಉತ್ತರ ಅಲ್ಲ. 2025ರ ಸೆಪ್ಟೆಂಬರ್ 22ರಂದು ಅವರು ಮೈಸೂರು ದಸರಾ ಉದ್ಘಾಟಿಸುವಾಗ ಇನ್ನೊಂದು ಕಡೆಯವರು ಆಕ್ಷೇಪ ಎತ್ತಿದರು. ಅದು ಸುಪ್ರೀಂ ಕೋರ್ಟ್‌ವರೆಗೂ ಹೋಯಿತು, ಅಲ್ಲಿ ನಿಲ್ಲಲಿಲ್ಲ. ಎರಡೂ ಕಡೆಯವರಿಂದ ಬೈಸಿಕೊಂಡೂ ಪೆನ್ನು ಕೆಳಗಿಡದ ಒಬ್ಬ ಹೆಂಗಸಿನಿಂದ ಹಾಸನದ ಹೆಸರು ಲೋಕಕ್ಕೆ ಗೊತ್ತಾಯಿತು.

ಆ ಕತೆಗಳು ಮಡಿಕೇರಿಯ ದೀಪಾ ಭಾಸ್ತಿ ಅವರ ಕೈಗೆ ಸಿಗದಿದ್ದರೆ, ಅವರು ಕೂತು ಇಂಗ್ಲಿಷಿಗೆ ತರದಿದ್ದರೆ, ಲಂಡನ್ ಮಾತೇ ಇರುತ್ತಿರಲಿಲ್ಲ. ಪ್ರಶಸ್ತಿಯ 50,000 ಪೌಂಡನ್ನು ಬರೆದವರಿಗೂ ಅನುವಾದಿಸಿದವರಿಗೂ ಸಮಪಾಲು ಕೊಡುತ್ತಾರೆ. ಹೊತ್ತು ತಂದವರಿಗೂ ಅರ್ಧ ಪಾಲು ಇದೆ ಅಂತ ಅರ್ಥ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಮತ್ತೆ ಬರುತ್ತದೆ.

ಹಾಡು ಹೆಕ್ಕಿದ ಸಕಲೇಶಪುರದ ಖಾನ್

ಕತೆಗೆ ಆದದ್ದೇ ಹಾಡಿಗೂ ಆಗಿದೆ. ಹೊಳೆನರಸೀಪುರ, ಅರಕಲಗೂಡು ಕಡೆ ಒಂದು ಕಾಲದಲ್ಲಿ ರಾಗಿ ಬೀಸುವಾಗ, ನಾಟಿ ಮಾಡುವಾಗ ಹೆಂಗಸರು ಹಾಡುತ್ತಿದ್ದ ಪದಗಳನ್ನು ಓದಿದವರು ಹಾಡು ಅಂತಲೇ ಎಣಿಸುತ್ತಿರಲಿಲ್ಲ. ಅದು ಹಳ್ಳಿಯವರ ಗೊಣಗಾಟ ಅನ್ನುವ ಭಾವನೆ ಇತ್ತು. ಹೇಮಾವತಿ ದಡದ ಗೊರೂರು ರಾಮಸ್ವಾಮಿ ಅಯ್ಯಂಗಾರರು ಸ್ವಾತಂತ್ರ್ಯಕ್ಕೂ ಮೊದಲೇ ಅವನ್ನು ಕೂಡಿಸಿ 'ಹಳ್ಳಿಯ ಹಾಡುಗಳು' ಅಂತ ಪುಸ್ತಕ ಮಾಡಿದರು.

ಆಮೇಲೆ ಬಂದವರು ಸಕಲೇಶಪುರದ ಎಸ್.ಕೆ. ಕರೀಂ ಖಾನ್. ಮನೆತನದ ಮೂಲ ದೂರದ ಅಫ್ಘಾನಿಸ್ತಾನ, ಬೆಳೆದ ನೆಲ ನಮ್ಮ ಮಲೆನಾಡು. ಈ ಮನುಷ್ಯ ಊರೂರು ಅಲೆದು, ಅಜ್ಜಿಯರ ಎದುರು ಕೂತು, ಕನ್ನಡದ ಜನಪದ ಹಾಡುಗಳನ್ನು ಹೆಕ್ಕಿದರು. ಜನ ಅವರನ್ನು ಜಾನಪದ ಜಂಗಮ ಅಂತ ಕರೆದರು. ಸಾಹೇಬರ ಹುಡುಗನಿಗೆ ಜಂಗಮ ಅನ್ನುವ ಹೆಸರು, ಅದೂ ಪ್ರೀತಿಯಿಂದ! 1962ರಲ್ಲಿ ಬಂದ 'ಸ್ವರ್ಣಗೌರಿ' ಸಿನಿಮಾಕ್ಕೆ ಅವರು ಬರೆದ ಹಾಡುಗಳನ್ನು ಇವತ್ತಿಗೂ ರೇಡಿಯೋದಲ್ಲಿ ಕೇಳುತ್ತೇವೆ. 2006ರಲ್ಲಿ ತುಂಬು ವಯಸ್ಸಿನಲ್ಲಿ ತೀರಿಕೊಂಡರು. ನಮ್ಮ ಜಿಲ್ಲೆಯ ನಮ್ಮ ಮಕ್ಕಳಿಗೆ ಈ ಹೆಸರು ಗೊತ್ತಿಲ್ಲ. ಮದ್ರಸದಲ್ಲಿ ನಾನೇ ಕೇಳಿ ನೋಡಿದೆ, ಮೂವತ್ತು ಮಕ್ಕಳಲ್ಲಿ ಒಬ್ಬನೂ ಕೈ ಎತ್ತಲಿಲ್ಲ.

ಶಿಶುನಾಳ ಶರೀಫರದ್ದು ಇನ್ನೂ ದೊಡ್ಡ ಉದಾಹರಣೆ. 1819ರಲ್ಲಿ ಹುಟ್ಟಿ 1889ರಲ್ಲಿ ತೀರಿಕೊಂಡವರು. ಮೊದಲು ಶಾಲೆಯಲ್ಲಿ ಮಾಸ್ತರಿಕೆ ಮಾಡಿ, ಬಿಟ್ಟು ಬಂದವರು. ಗುರು ಗೋವಿಂದ ಭಟ್ಟರ ಜೊತೆ ಓಡಾಡಿದ್ದಕ್ಕೆ ಅವರ ಕಾಲದಲ್ಲಿ ಇವರನ್ನೂ ಬೈದರು, ಅವರನ್ನೂ ಬೈದರು. ಕೋಳಿ, ಕೊಡ, ಬಿದಿರು, ಬೀಸುವ ಕಲ್ಲು, ಸೋರುವ ಮನೆ, ಕಣ್ಣಿಗೆ ಬಿದ್ದದ್ದೆಲ್ಲ ಅವರಿಗೆ ಹಾಡಾಯಿತು. ಅವರು ಹೋದ ಮೇಲೆ ಧಾರವಾಡ, ಹಾವೇರಿ ಕಡೆಯ ಭಜನೆಯವರ ಬಾಯಲ್ಲಿ ಆ ಪದಗಳು ಉಳಿದವು. ಹಳೇ ಮೈಸೂರಿನ ನಮ್ಮ ಕಡೆಗೆ ಅವು ಬಂದದ್ದು ಎಷ್ಟೋ ದಶಕದ ಮೇಲೆ, ಸಿ. ಅಶ್ವತ್ಥ್, ಶಿವಮೊಗ್ಗ ಸುಬ್ಬಣ್ಣ ಅಂಥವರ ಗಂಟಲಿನಲ್ಲಿ, ಕ್ಯಾಸೆಟ್ ಹತ್ತಿ. 1990ರಲ್ಲಿ ಟಿ.ಎಸ್. ನಾಗಾಭರಣರ 'ಸಂತ ಶಿಶುನಾಳ ಶರೀಫ' ಸಿನಿಮಾ ಬಂತು. ರಾಷ್ಟ್ರೀಯ ಭಾವೈಕ್ಯದ ನರ್ಗಿಸ್ ದತ್ ಪ್ರಶಸ್ತಿ ಬಂತು. ತೀರಿಕೊಂಡು ನೂರು ವರ್ಷ ಆದ ಮೇಲೆ ಒಬ್ಬ ಹಾಡುಗಾರ ಮನೆಮಾತಾದ ಕತೆ ಇದು.

ಕೆ.ಎಸ್. ನಿಸಾರ್ ಅಹಮದ್ ಅವರಿಗೆ ಅಷ್ಟು ಕಾಯಬೇಕಾಗಲಿಲ್ಲ. ಭೂವಿಜ್ಞಾನದ ಮೇಷ್ಟ್ರು ಬರೆದ 'ನಿತ್ಯೋತ್ಸವ' ಪುಸ್ತಕದಲ್ಲಿ ಕವಿತೆಯಾಗಿ ಇತ್ತು. ಮೈಸೂರು ಅನಂತಸ್ವಾಮಿ ರಾಗ ಹಾಕಿದರು, 1978ರಲ್ಲಿ ಕ್ಯಾಸೆಟ್ ಆಯಿತು. ಕನ್ನಡ ಭಾವಗೀತೆಯ ಮೊದಲ ಕ್ಯಾಸೆಟ್ ಅದೇ ಅಂತಾರೆ. ಆಮೇಲೆ ಶಾಲೆಯ ಸ್ಟೇಜಿನಲ್ಲಿ ಆ ಹಾಡಿಲ್ಲದ ನವೆಂಬರ್ ಒಂದು ಇದೆಯಾ?

ಕಿರಾಣಿ ಅಂಗಡಿಯ ಕವಿ

ಈಗ ನಮ್ಮ ಮನೆಯ ಹಾಡಿಗೆ ಬರೋಣ. ನಮ್ಮ ಮದರಂಗಿ ಮನೆಗಳಲ್ಲಿ ಮಾಪ್ಪಿಳ ಪಾಟ್ ಹೊಸದಲ್ಲ. ಬ್ಯಾರಿಗಳ ಕಿವಿಗೆ ಅದು ಅರ್ಧ ಸ್ವಂತ, ಅರ್ಧ ನೆರೆಮನೆ. 'ಮಾಣಿಕ್ಯ ಮಲರಾಯ ಪೂವಿ' ಹಾಡು ನೆನಪಿದೆಯಲ್ಲ? ಬೀವಿ ಖದೀಜ ರಲಿಯಲ್ಲಾಹು ಅನ್ಹಾ ಅವರ ಮದುವೆಯ ಹಾಡು. ಅದನ್ನು ಬರೆದವರು ಕೇರಳದ ಪಿ.ಎಂ.ಎ. ಜಬ್ಬಾರ್, 1978ರಲ್ಲಿ. ಅಂದರೆ 'ನಿತ್ಯೋತ್ಸವ' ಕ್ಯಾಸೆಟ್ ಬಂದ ವರ್ಷವೇ! ತಲಶ್ಶೇರಿ ಕೆ. ರಫೀಕ್ ರಾಗ ಹಾಕಿ ಆಕಾಶವಾಣಿಯಲ್ಲಿ ಹಾಡಿದರು. ನಲವತ್ತು ವರ್ಷ ಅದು ಮಲಬಾರಿನ ಮದುವೆ ಮನೆಗಳಲ್ಲಿ ಓಡಾಡಿತು. ಹಾಡು ಗೊತ್ತಿತ್ತು, ಬರೆದವರ ಹೆಸರು ಹೆಚ್ಚಿನವರಿಗೆ ಗೊತ್ತಿರಲಿಲ್ಲ.

2018ರ ಫೆಬ್ರವರಿಯಲ್ಲಿ 'ಒರು ಅಡಾರ್ ಲವ್' ಸಿನಿಮಾದವರು ಅದನ್ನು ಬಳಸಿದರು. ಒಬ್ಬ ಹುಡುಗಿ ಕಣ್ಣು ಮಿಟುಕಿಸಿದ್ದಕ್ಕೆ ಲೋಕವೆಲ್ಲ ಆ ಹಾಡು ಕೇಳಿತು. ಆಗ ಪತ್ರಿಕೆಯವರು ಬರೆದವರನ್ನು ಹುಡುಕಿಕೊಂಡು ಹೋದರೆ, ಅವರು ಸೌದಿಯ ರಿಯಾದ್‌ನಲ್ಲಿ ಕಿರಾಣಿ ಅಂಗಡಿಯ ಕೆಲಸದಲ್ಲಿದ್ದರು. ನಮ್ಮ ಎಷ್ಟೋ ಮನೆಯ ಗಂಡಸರು ನಿಂತಿರುವ ಜಾಗದಲ್ಲೇ!

ಹಾಡಿನಿಂದ ಭಾವನೆಗೆ ಧಕ್ಕೆ ಆಯಿತು ಅಂತ ಹೈದರಾಬಾದಿನಲ್ಲಿ ಕೇಸೂ ಆಯಿತು. 2018ರ ಆಗಸ್ಟ್ 31ರಂದು ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ಆ ಚಿತ್ರದ ದೃಶ್ಯ ನನಗೂ ಇಷ್ಟವಾಗಿಲ್ಲ, ಮುಚ್ಚುಮರೆ ಇಲ್ಲದೆ ಹೇಳುತ್ತೇನೆ. ಆದರೆ ಹಾಡು ಮಾಡಿದ ತಪ್ಪೇನು? ನಲವತ್ತು ವರ್ಷ ನಮ್ಮ ಉಮ್ಮಂದಿರು ಭಕ್ತಿಯಿಂದ ಹಾಡಿದ್ದ ಪದವೇ ಅದು. ಹಿಟ್ ಆದ ಕೂಡಲೇ ಹಾಡು ತನ್ನ ಮನೆಯವರ ಕೈಯಲ್ಲಿ ಇರುವುದಿಲ್ಲ. ಎಲ್ಲಿಗೆ ಬೇಕಾದರೂ ಹೋಗುತ್ತದೆ, ಯಾರ ಜೊತೆ ಬೇಕಾದರೂ ಕೂರುತ್ತದೆ. ಹಾಡು ಕಟ್ಟುವ ಮಕ್ಕಳಿಗೆ ಇದನ್ನೂ ಹೇಳಿಕೊಡಬೇಕು.

ಬಂಗಾಳದ ಬೀರ್‌ಭೂಮ್ ಜಿಲ್ಲೆಯಲ್ಲಿ ಸೈಕಲ್ಲಿನ ಮೇಲೆ ಹಸಿ ಕಡಲೆಕಾಯಿ ಮಾರುತ್ತಿದ್ದ ಭುಬನ್ ಬಾದ್ಯಕರ್ ಅವರದ್ದೂ ನಿಮಗೆ ಗೊತ್ತು. ವ್ಯಾಪಾರಕ್ಕೆ ಕೂಗುತ್ತಿದ್ದ 'ಕಚ್ಚಾ ಬಾದಾಮ್' ಅನ್ನು ಯಾರೋ ಮೊಬೈಲಿನಲ್ಲಿ ಹಿಡಿದರು. 2022ರ ಹೊತ್ತಿಗೆ ಅದಕ್ಕೆ ಕುಣಿಯದವರಿಲ್ಲ. ಅವರದ್ದೇ ಹಾಡು, ಆದರೆ ಅದರ ಹಕ್ಕು ತನ್ನ ಕೈತಪ್ಪಿತು ಅಂತ ಆಮೇಲೆ ಅವರೇ ದೂರಬೇಕಾಯಿತು.

ಯಾಕೆ ಹೀಗಾಗುತ್ತದೆ?

ಇವನ್ನೆಲ್ಲ ಪಕ್ಕಪಕ್ಕ ಇಟ್ಟು ನೋಡಿದರೆ ನನಗೆ ಕಾಣುವುದು ಹೀಗೆ. ಹಾಡು ಚೆನ್ನಾಗಿಲ್ಲ ಅಂತ ಮೂಲೆ ಸೇರುವುದು ಕಡಿಮೆ. ಹೊತ್ತುಕೊಂಡು ಹೋಗುವ ಗಾಡಿ ಬಂದಿರುವುದಿಲ್ಲ, ಅಷ್ಟೆ. ಗೊರೂರರಿಗೆ ಅಚ್ಚಿನ ಮನೆ ಗಾಡಿಯಾಯಿತು, ಜಬ್ಬಾರರಿಗೆ ಮೊದಲು ರೇಡಿಯೋ, ಆಮೇಲೆ ಸಿನಿಮಾ. ನಿಸಾರ್ ಮತ್ತು ಶರೀಫರಿಗೆ ಕ್ಯಾಸೆಟ್. ಕಡಲೆಕಾಯಿ ಮಾರುವವರಿಗೆ ಮೊಬೈಲ್. ಗಾಡಿಯ ಜೊತೆ ಒಬ್ಬ ಮನುಷ್ಯನೂ ಬೇಕು. ಅಶ್ವತ್ಥ್ ಇಲ್ಲದೆ ಶರೀಫರು ನಮಗೆ ಸಿಗುತ್ತಿದ್ದರೇ? ದೀಪಾ ಭಾಸ್ತಿ ಇಲ್ಲದೆ ಬೂಕರ್ ಬರುತ್ತಿತ್ತೇ? ಎಲ್ಲರೂ ಹಾಡು ಕಟ್ಟಬೇಕಾಗಿಲ್ಲ. ಇನ್ನೊಬ್ಬರು ಕಟ್ಟಿದ್ದನ್ನು ನಾಲ್ಕು ಜನರ ಹತ್ತಿರ ಒಯ್ಯುವುದೂ ಅಷ್ಟೇ ದೊಡ್ಡ ಕೆಲಸ.

ಇನ್ನೊಂದು, ಬೆರಕೆ ಮಾತಿನ ಬಗ್ಗೆ. ಹುಡುಗನ ಪಾಟ್ ಶುದ್ಧ ಬ್ಯಾರಿ ಅಲ್ಲ ಅಂತ ನಕ್ಕರಲ್ಲ, ಅವರಿಗೆ ಒಂದು ಮಾತು. ನಮ್ಮ ಅಜ್ಜಿಯರು ಸಂಜೆ ಓದುತ್ತಿದ್ದ 'ಮುಹಿಯುದ್ದೀನ್ ಮಾಲೆ' 1607ರಲ್ಲಿ ಕಲ್ಲಿಕೋಟೆಯ ಖಾಝಿ ಮುಹಮ್ಮದ್ ಬರೆದದ್ದು. ಅದರ ಭಾಷೆ ಅರಬ್ಬಿ ಮಲಯಾಳಂ. ಅಕ್ಷರ ಒಂದು ಕಡೆಯದ್ದು, ಮಾತು ಇನ್ನೊಂದು ಕಡೆಯದ್ದು. ನಾಲ್ಕು ನೂರು ವರ್ಷದಿಂದ ಜನ ಅದನ್ನು ಭಕ್ತಿಯಿಂದ ಹಾಡುತ್ತಿದ್ದಾರೆ. ಕಡಲ ಕರೆಯ ಬ್ಯಾರಿ ಬೇರೆ, ಘಾಟಿ ಹತ್ತಿ ಬಂದು ಆಲೂಗಡ್ಡೆ ಮಂಡಿಯಲ್ಲಿ, ಶುಂಠಿ ಗದ್ದೆಯಲ್ಲಿ ಬೆಳೆದ ಬ್ಯಾರಿ ಬೇರೆ. ನಮ್ಮ ಮಕ್ಕಳು ಮನೆಯಲ್ಲಿ 'ಉಮ್ಮ' ಅಂದು ಬೀದಿಯಲ್ಲಿ 'ಏನ್ಲಾ' ಅನ್ನುತ್ತಾರೆ. ಅವರ ಹಾಡು ಅವರ ಬಾಯಿಯ ಹಾಗೇ ಇರಬೇಕಲ್ಲ? 2009ರಲ್ಲಿ ಸರಕಾರ ಬ್ಯಾರಿ ಸಾಹಿತ್ಯ ಅಕಾಡೆಮಿ ಮಾಡಿತು. ಬ್ಯಾರಿಯ ಮೊದಲ ಸಿನಿಮಾ 'ಬ್ಯಾರಿ' 2011ನೇ ಸಾಲಿನಲ್ಲಿ ಮರಾಠಿಯ 'ದೇವೂಳ್' ಜೊತೆ ದೇಶದ ಅತ್ಯುತ್ತಮ ಚಿತ್ರವಾಯಿತು. ಲಿಪಿಯಿಲ್ಲದ ಭಾಷೆ ಅಂತ ನಾವೇ ಕೀಳರಿಮೆ ಪಡುತ್ತಿದ್ದ ಭಾಷೆ ಅದು.

ಹಾಡು ಅಂದರೆ ಹರಾಮ್ ಅಲ್ಲವೇ ಉಸ್ತಾದ್ ಅಂತ ಕೇಳುವವರಿದ್ದಾರೆ. ವಾದ್ಯದ ವಿಷಯದಲ್ಲಿ ಉಲಮಾಗಳ ಮಾತು ನಿಮಗೆ ಗೊತ್ತೇ ಇದೆ, ಅದನ್ನು ಸಡಿಲ ಮಾಡಲು ನಾನು ಯಾರೂ ಅಲ್ಲ. ಆದರೆ ಹಸ್ಸಾನ್ ಬಿನ್ ಸಾಬಿತ್ ಅವರಿಗೆ ಕವಿತೆ ಹೇಳಲು ಮಸೀದಿಯಲ್ಲೇ ಮಿಂಬರ್ ಇಡಿಸಿದವರು ಪ್ರವಾದಿ ಸಲ್ಲಲ್ಲಾಹು ಅಲೈಹಿ ವಸಲ್ಲಂ. ಪೆರ್ನಾಳಿನ ದಿನ ಹಾಡುತ್ತಿದ್ದ ಇಬ್ಬರು ಹುಡುಗಿಯರನ್ನು ಸುಮ್ಮನಿರಿಸಲು ಹೋದವರಿಗೆ, ಬಿಡಿ ಅಂದವರೂ ಅವರೇ. ಒಳ್ಳೆಯ ಮಾತನ್ನು ತಾಳದಲ್ಲಿ ಹೇಳಿದರೆ ಗದರಿಸಬೇಕಾದ ವಿಷಯ ಅದರಲ್ಲಿ ಏನಿದೆ?

ನನ್ನ ಕಪಾಟಿನ ನೋಟ್‌ಬುಕ್

ಈಗ ನನ್ನ ತಪ್ಪು ಹೇಳುತ್ತೇನೆ. ಹದಿನೈದು ವರ್ಷದ ಹಿಂದೆ ಅರಕಲಗೂಡು ಕಡೆ ಪಾಠ ಮಾಡುತ್ತಿದ್ದೆ. ಒಬ್ಬ ಹುಡುಗ ಕಿತಾಬಿನ ಅಡಿಯಲ್ಲಿ ಇಟ್ಟುಕೊಂಡು ಏನೋ ಬರೆಯುತ್ತಿದ್ದ. ಕಿತ್ತುಕೊಂಡು ನೋಡಿದರೆ ಪಾಟ್. ಊರಿನ ಜಾತ್ರೆ, ಮಸೀದಿಯ ಮುಂದಿನ ಹುಣಸೆಮರ, ಬಿದ್ದ ಮಳೆ. ಇಡೀ ಕ್ಲಾಸಿನ ಮುಂದೆ ಓದಿ ನಗಿಸಿದೆ. ನೋಟ್‌ಬುಕ್ ಕಪಾಟಿನಲ್ಲಿ ಹಾಕಿ ಬೀಗ ಹಾಕಿದೆ. ಅವನು ಮತ್ತೆ ಕೇಳಲಿಲ್ಲ. ಮತ್ತೆ ಬರೆಯಲೂ ಇಲ್ಲ.

ಮೂರು ವರ್ಷದ ಹಿಂದೆ ದಮ್ಮಾಮಿನಿಂದ ರಜೆಗೆ ಬಂದವನು ನನ್ನನ್ನು ನೋಡಲು ಬಂದ. ಖರ್ಜೂರ ತಂದಿದ್ದ, ಅತ್ತರ್ ತಂದಿದ್ದ. ಹೊರಡುವಾಗ ಬಾಗಿಲ ಹತ್ತಿರ ನಿಂತು, "ಉಸ್ತಾದ್, ಆ ನೋಟ್‌ಬುಕ್ ಏನಾದ್ರೂ ಉಳಿದಿದೆಯಾ?" ಅಂದ. ನಾನು ಊರು ಬದಲಿಸುವಾಗ ಎಲ್ಲಿ ಬಿಟ್ಟೆನೋ ನನಗೇ ಗೊತ್ತಿರಲಿಲ್ಲ. ಪರವಾಗಿಲ್ಲ ಬಿಡಿ ಅಂತ ನಕ್ಕ. ಆ ನಗು ನನಗೆ ಈಗಲೂ ಚುಚ್ಚುತ್ತದೆ. ಅದರಲ್ಲಿ ದೊಡ್ಡ ಹಾಡು ಇತ್ತು ಅಂತ ನಾನು ಹೇಳುವುದಿಲ್ಲ. ಇತ್ತೋ ಇಲ್ಲವೋ ಯಾರಿಗೂ ತಿಳಿಯದ ಹಾಗೆ ಮಾಡಿದ್ದು ನಾನು.

ಚನ್ನರಾಯಪಟ್ಟಣದ ಹುಡುಗನ ಮುಂದೆ ನನ್ನ ಬಾಯಿ ಕಟ್ಟಿದ್ದು ಅದಕ್ಕೇ.

ಮನೆಯವರು ಮಾಡಬಹುದಾದದ್ದು

ಹಾಗಂತ ಓದು ಬಿಡು ಅಂತ ಹೇಳಲು ಬರುವುದಿಲ್ಲ. ಹಿಟ್ ಆಗುತ್ತದೆ ಅಂತ ಕಾದು ಕೂರುವುದು ಲಾಟರಿ ಚೀಟಿ ಹಿಡಿದು ಕೂತ ಹಾಗೆ. ನಿಸಾರ್ ಮೇಷ್ಟ್ರಾಗಿದ್ದರು, ಬಾನು ಮುಷ್ತಾಕ್ ವಕೀಲಿಕೆ ಮಾಡಿದರು, ಸುಬ್ಬಣ್ಣನವರೂ ವಕೀಲರೇ, ಜಬ್ಬಾರ್ ಅಂಗಡಿಯಲ್ಲಿ ದುಡಿದರು. ಹೊಟ್ಟೆಗೊಂದು ಕಸುಬು ಇಟ್ಟುಕೊಂಡೇ ಹಾಡಿದರು, ಬರೆದರು. ಹುಡುಗನಿಗೆ ನಾನು ಹೇಳಿದ್ದು ಇದನ್ನೇ. ಪರೀಕ್ಷೆ ಮುಗಿಯುವವರೆಗೆ ದಿನಕ್ಕೆ ಅರ್ಧ ಗಂಟೆ, ಶುಕ್ರವಾರ ಜುಮಾ ಕಳೆದು ಒಂದು ಗಂಟೆ. ಸರಿ ಅಂದ.

ನೋಡಿದವರ ಸಂಖ್ಯೆ ಎಣಿಸಬೇಡ ಅಂತಲೂ ಹೇಳಿದೆ. ಹೆಚ್ಚು ಜನ ನೋಡಿದ್ದೆಲ್ಲ ಒಳ್ಳೆಯದಲ್ಲ. ಕೆಟ್ಟ ಮಾತು, ಇನ್ನೊಬ್ಬರನ್ನು ಹೀಯಾಳಿಸುವುದು, ಇವೂ ಬೇಗ ಓಡುತ್ತವೆ. ನಾಳೆ ನಿನ್ನ ಉಮ್ಮನ ಮುಂದೆ ಹಾಡಲು ನಾಚಿಕೆಯಾಗುವ ಸಾಲು ಬೇಡ. ಅಷ್ಟೇ ಅಳತೆ ಸಾಕು.

ಹಕ್ಕಿನ ವಿಷಯ ಪೋಷಕರೇ ತಿಳಿದಿರಬೇಕು. 1957ರ ಕಾಪಿರೈಟ್ ಕಾಯ್ದೆಯ ಪ್ರಕಾರ, ಹಾಡನ್ನು ಬರೆದಿಟ್ಟ ಕ್ಷಣದಿಂದಲೇ ಅದರ ಹಕ್ಕು ಬರೆದವರದ್ದು. ನೋಂದಣಿ ಮಾಡಿಸಿದರೆ ಸಾಕ್ಷಿಗೆ ಒಳ್ಳೆಯದು, ಆದರೆ ಕಡ್ಡಾಯ ಅಲ್ಲ. ಬರೆದವರು ತೀರಿಕೊಂಡ ಮೇಲೂ 60 ವರ್ಷ ಆ ಹಕ್ಕು ವಾರಸುದಾರರಿಗೆ ಇರುತ್ತದೆ. ಹಕ್ಕು ಬೇರೆಯವರಿಗೆ ಕೊಡುವುದಿದ್ದರೆ ಬರಹದಲ್ಲಿ, ಸಹಿ ಹಾಕಿಯೇ ಕೊಡಬೇಕು. ಎಷ್ಟು ವರ್ಷಕ್ಕೆ ಅಂತ ಬರೆಯದಿದ್ದರೆ ಐದು ವರ್ಷ ಅಂತ ಕಾನೂನು ತಿಳಿದುಕೊಳ್ಳುತ್ತದೆ. 2012ರ ತಿದ್ದುಪಡಿಯಿಂದ ಹಾಡು ಬರೆದವರಿಗೂ ರಾಗ ಹಾಕಿದವರಿಗೂ ರಾಯಲ್ಟಿಯಲ್ಲಿ ಪಾಲು ಇದೆ. ಆದ್ದರಿಂದ ಯಾರಾದರೂ ಕ್ಯಾಮೆರಾ ಹಿಡಿದು ಬಂದು ಕಾಗದಕ್ಕೆ ಸಹಿ ಹಾಕು ಅಂದರೆ, ಓದದೆ ಹಾಕಬೇಡಿ. ಪ್ರತಿ ಹಾಡನ್ನೂ ನೋಟ್‌ಬುಕ್ಕಿನಲ್ಲಿ ಹೆಸರು, ತಾರೀಖು ಹಾಕಿ ಬರೆದಿಡಿ. ಆ ನೋಟ್‌ಬುಕ್ ಯಾವ ಉಸ್ತಾದನ ಕೈಗೂ ಕೊಡಬೇಡಿ!

ಜಮಾಅತಿನವರಿಗೆ ಒಂದು ಕೋರಿಕೆ. ಮುಂದಿನ ಮೀಲಾದಿಗೆ ಮಕ್ಕಳು ಹಳೆಯ ಪಾಟ್‌ಗಳನ್ನು ಹಾಡಲಿ, ದಫ್ ಇರಲಿ. ಅದರ ಜೊತೆ ನಮ್ಮೂರಿನ ಮಕ್ಕಳೇ ಕಟ್ಟಿದ ಒಂದು ಪಾಟ್‌ಗೆ ಹತ್ತು ನಿಮಿಷ ಕೊಡಿ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ, ನಾಲ್ಕೂ ಕಡೆ ಇದು ಖರ್ಚಿಲ್ಲದ ಕೆಲಸ. ಮನೆಯಲ್ಲಿರುವ ಹಿರಿಯ ಹೆಂಗಸರಿಗೆ ಗೊತ್ತಿರುವ ಮದರಂಗಿ ಪಾಟ್‌ಗಳನ್ನು ಮಕ್ಕಳು ಮೊಬೈಲಿನಲ್ಲಿ ಹಿಡಿದಿಟ್ಟುಕೊಳ್ಳಲಿ. ಕರೀಂ ಖಾನ್ ಊರೂರು ಅಲೆದು ಮಾಡಿದ್ದನ್ನು ಈ ಮಕ್ಕಳು ಅಡುಗೆಮನೆಯಲ್ಲಿ ಕೂತೇ ಮಾಡಬಹುದು.

ಕಳೆದ ವಾರ ಆ ತೆಂಗಿನಕಾಯಿ ವ್ಯಾಪಾರಿಯ ಮನೆಗೆ ಹೋಗಿದ್ದೆ. ಚಾ ಬಂತು. ಮಗನ ಪಾಟ್ ಪೂರ್ತಿ ಕೇಳಿದ್ದೀರಾ ಅಂದೆ. "ಎಲ್ಲಿ ಉಸ್ತಾದೇ, ಶುರು ಆಗ್ತಿದ್ದ ಹಾಗೆ ಆಫ್ ಮಾಡು ಅಂತೀನಿ" ಅಂದರು. ಹುಡುಗನ ಹತ್ತಿರ ಹಾಕಿಸಿದೆ. ನಾಲ್ಕು ಗಂಟೆಯ ಲಾರಿ ಬಂತು, ರೊಟ್ಟಿ ಕಟ್ಟುವ ಉಮ್ಮ ಬಂದಳು, ಶಿರಾಡಿಯ ಮಳೆ ಬಂತು. ಫೋನ್ ಹತ್ತದ ರಾತ್ರಿ ಮಗ ಜಗಲಿಯಲ್ಲಿ ಕಾದು ಕೂತಿರುವ ಸಾಲು ಬಂದಾಗ ಆ ಮನುಷ್ಯ ಚಾ ಲೋಟ ಕೆಳಗಿಟ್ಟರು. ಹಾಡು ಮುಗಿದ ಮೇಲೆ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಮಗನ ಕಡೆ ತಿರುಗಿ, "ಇನ್ನೊಂದ್ ಸಲ ಹಾಕು" ಅಂದರು.